ತಾಮ್ರದ ಗುಂಡು, ಬಲಗಡೆಯ ಮುಂದೊಡೆ

ಕಳೆದ ವರ್ಷ ನವೆಂಬರ್ ತಿಂಗಳ ಮೂರನೆಯ ಶನಿವಾರ ಬೆಳಗ್ಗೆ, ನ್ಯೂಯಾರ್ಕ್ ರಾಜ್ಯದ ಸಲಿವನ್ ಕೌಂಟಿಯಲ್ಲಿ, ಹಳೆಯ ಡೈರಿ ಫಾರ್ಮೊಂದರ ಹಿಂದಿನ ಇಳಿಜಾರಿನಲ್ಲಿ, ನನ್ನ ಅಣ್ಣ ಒಂದು ಗಂಡು ಜಿಂಕೆಗೆ ಗುಂಡು ಹೊಡೆದ. ಗುಂಡು ತಾಮ್ರದ್ದು. ಜಿಂಕೆ ಬೀಳಲಿಲ್ಲ.

ನಾನು ಅವನ ಎಡಕ್ಕೆ, ಬಿದ್ದ ಮರದ ಕಾಂಡಕ್ಕೆ ಒರಗಿ ಕೂತಿದ್ದೆ. ನನ್ನ ಹತ್ತಿರ ರೈಫಲ್ ಇರಲಿಲ್ಲ, ಬೇಟೆಯ ಪರವಾನಗಿಯೂ ಇಲ್ಲ. ಅಣ್ಣನ ಹಳೆಯ ಕಿತ್ತಳೆ ಬಣ್ಣದ ಜಾಕೆಟ್ ಒಂದು ಮೈಮೇಲಿತ್ತು, ತೋಳು ಉದ್ದವಾಗಿ ಬೆರಳುಗಳನ್ನು ಮುಚ್ಚುತ್ತಿತ್ತು. ಒಬ್ಬನೇ ಕೂತರೆ ನಿದ್ದೆ ಬರುತ್ತದೆ ಎಂದು ಅವನು ನನ್ನನ್ನು ಕರೆದೊಯ್ಯುತ್ತಾನೆ. ನನಗೂ ಅಭ್ಯಂತರವಿಲ್ಲ. ಬೆಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ, ಈಗ ಜರ್ಸಿ ಸಿಟಿಯಲ್ಲಿ ಇನ್ನೊಂದು ಡೆಸ್ಕಿನಲ್ಲಿ, ಬೇರೆಯವರು ಕಂಡದ್ದನ್ನು ತಿದ್ದುವುದೇ ನನ್ನ ಕೆಲಸ. ಕಾಡಿನಲ್ಲಿ ಮಾತ್ರ ನಾನೇ ಕಾಣುತ್ತೇನೆ.

ಈ ಜಿಂಕೆ ಅಪ್ಪನ ಎಡೆಗೆ.

ಅಪ್ಪ ತೀರಿಕೊಂಡದ್ದು ಫೋರ್ಟ್ ಲೀಯಲ್ಲಿ, ಅಣ್ಣನ ಮನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ. ಎಲ್ಲರಿಗೂ ರಜೆ ಇರುವ ದಿನವೆಂದು ವರ್ಷದ ಎಡೆಯನ್ನು ನಾವು ಆ ಹಬ್ಬದ ಗುರುವಾರಕ್ಕೇ ಇಟ್ಟುಕೊಂಡಿದ್ದೇವೆ. ಮಂಡ್ಯದ ಕಡೆಯ ನಮ್ಮ ಮನೆತನದಲ್ಲಿ ಹಿರಿಯರಿಗೆ ಬಾಡಿನ ಎಡೆ. ಮೊದಲು ಎಲೆಗೆ ಬೀಳಬೇಕಾದದ್ದು ಬಲಗಡೆಯ ಮುಂದೊಡೆ, ಮೂಳೆ ಸಮೇತ. ಹಾಗೆಂದು ಅವ್ವ ಹೇಳುತ್ತಾಳೆ. ಬೇರೆ ಯಾರನ್ನೂ ಕೇಳುವ ಹಾಗಿಲ್ಲ, ಕೇಳಬಹುದಾಗಿದ್ದವರೆಲ್ಲ ಈಗ ಎಡೆ ತಿನ್ನುವವರ ಕಡೆ ಇದ್ದಾರೆ.

ಅಪ್ಪ ಪ್ರಾಯದಲ್ಲಿ ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಹೊಡೆಯುತ್ತಿದ್ದರು. ಬೆಳೆ ಕಾಯಲೆಂದು ಪಡೆದ ಲೈಸೆನ್ಸಿನ ಕೋವಿ ಮನೆಯಲ್ಲಿತ್ತು. ಅಣ್ಣನ ಬಗ್ಗೆ ಅವರದೊಂದು ಮಾತು ನೆಂಟರಿಷ್ಟರ ನಡುವೆ ಸವೆದು ನುಣುಪಾಗಿತ್ತು: “ಕೋಳಿ ಕತ್ತು ಹಿಡ್ದ್ರೆ ತಾನೇ ಕಣ್ಮುಚ್ಕೊಳ್ಳೋ ನನ್ಮಗ.” ಅಣ್ಣ ಸೇತುವೆಗಳ ಎಂಜಿನಿಯರಾದ. ನಡುವಯಸ್ಸಿನಲ್ಲಿ, ಆಫೀಸಿನಿಂದ ನಿವೃತ್ತರಾಗಿ ತಮ್ಮ ತಂದೆಯ ಈ ಡೈರಿ ಫಾರ್ಮಿಗೆ ಮರಳಿದ್ದ ಒಬ್ಬ ಅಮೆರಿಕನ್ ಹಿರಿಯರ ಜೊತೆ ಬೇಟೆ ಕಲಿತ. ಮೊದಲ ಜಿಂಕೆ ಅವನ ಕೈಗೆ ಸಿಕ್ಕಿದ್ದು ಅಪ್ಪ ಹೋದ ಮೇಲೆ. ಮಗ ತಂದದ್ದನ್ನು ಅಪ್ಪ ಒಂದು ಸಲವೂ ತಿಂದಿರಲಿಲ್ಲ.

ಆ ಮೊದಲ ಜಿಂಕೆಯನ್ನು ಅಪ್ಪನ ಮೊದಲ ಎಡೆಗೆಂದೇ ತಂದಿದ್ದ. ಸೀಸದ ಗುಂಡು, ಹೆಗಲ ಮೇಲೆ ನೇರವಾಗಿ ಹೊಡೆದದ್ದು. ಕಾಲ ಕೆಳಗಿನ ಚಾಪೆ ಎಳೆದಂತೆ ಅದು ನಿಂತಲ್ಲೇ ಕುಸಿದಿತ್ತು. ಕೂಲರಿನಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು, ಲಿಫ್ಟಿನಲ್ಲಿ ಹದಿನೇಳನೆಯ ಮಹಡಿಗೆ ಏರಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದೆವು. ಅವ್ವ ಬಲ ಮುಂದೊಡೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲೆಲ್ಲ ಕಪ್ಪು ರಕ್ತ ಲೋಳೆಯಾಗಿ ಜಿನುಗಿತು. ಮೂಳೆ ಪುಡಿಯಾಗಿತ್ತು. ಮಾಂಸದೊಳಗೆ ಬೂದು ಬಣ್ಣದ ಚುಕ್ಕೆಗಳಿದ್ದವು, ಸೀಸದ ಚೂರುಗಳು.

“ಏನ್ಲಾ ಇದು? ಜಿಂಕೆಗೆ ಗುಂಡು ಹೊಡ್ದಿಯೋ, ಬಂಡೆಗೆ ಸಿಡಿಮದ್ದು ಇಟ್ಟಿದ್ಯೋ?” ಎಂದಳು ಅವ್ವ.

“ಎಡಗಡೇದು ನೋಡವ್ವ.”

ಎಡಗಡೆಯದೂ ಹಾಗೇ ಇತ್ತು.

“ಇದು ನೋವು ತಿಂದಿರೋ ಮಾಂಸ ಕಣಪ್ಪ. ನಿಮ್ಮಪ್ಪನ ಮುಂದೆ ಇದನ್ನ ಹೆಂಗಿಡ್ಲಿ?”

“ನೋವೇ ತಿನ್ನಲಿಲ್ಲ ಅವ್ವ. ನಿಂತ ಜಾಗದಲ್ಲೇ ಬಿತ್ತು.”

“ಮಾಂಸ ಬೇರೆ ಹೇಳ್ತೈತೆ.”

ಆ ವರ್ಷದ ಎಡೆಗೆ ಅಂಗಡಿಯ ಆಡಿನ ಮಾಂಸ ಬಂತು. ಅಣ್ಣ ಊಟಕ್ಕೆ ಕೂತ, ತಿಂದ, ಎದ್ದು ಕೈತೊಳೆದ. ಕಿಟಕಿಯಾಚೆ ನದಿಯ ಮೇಲಿನ ಸೇತುವೆಯ ದೀಪಗಳು ಮಂಜಿನಲ್ಲಿ ಕರಗಿದ ಸಕ್ಕರೆಯಂತೆ ಕಾಣುತ್ತಿದ್ದವು. ಅವನು ಅವುಗಳನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ.

ಮುಂದಿನ ಬೇಸಿಗೆಯಲ್ಲಿ ಅವನು ತಾಮ್ರಕ್ಕೆ ಬದಲಾದ. ಸೀಸದ ಗುಂಡು ಮೂಳೆಗೆ ತಾಗಿದರೆ ಒಡೆದು ಚೂರುಚೂರಾಗಿ ಮಾಂಸದೊಳಗೆ ಹರಡುತ್ತದೆ. ತಾಮ್ರದ್ದು ಒಡೆಯುವುದಿಲ್ಲ. ಅದರ ಮೂತಿ ಎಸಳುಗಳಾಗಿ ಹಿಂದಕ್ಕೆ ಅರಳುತ್ತದೆ, ಇಡಿಯಾಗಿ ಪ್ರಾಣಿಯನ್ನು ದಾಟಿ ಆಚೆಗೆ ಹೋಗುತ್ತದೆ. ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಸಾಲಾಗಿಟ್ಟು ಹೊಡೆದು, ಹಾಗೆ ಅರಳಿದ ಒಂದು ಗುಂಡನ್ನು ಅಣ್ಣ ಹುಡುಕಿ ತಂದಿದ್ದ. ಅವ್ವ ಅದನ್ನು ಬೆಳಕಿಗೆ ಹಿಡಿದು, “ಮೂಗುಬೊಟ್ಟಿನ ಥರ ಐತೆ, ಪಾಪದ್ದು,” ಎಂದು ಕಿಟಕಿಯ ತುಳಸಿ ಕುಂಡದ ಪಕ್ಕ ಇಟ್ಟಳು.

ಗುಂಡು ಬದಲಾದರೆ ಸಾಲದು, ಹೊಡೆಯುವ ಜಾಗವೂ ಬದಲಾಗಬೇಕಿತ್ತು. ಹೆಗಲಿಗೆ ಹೊಡೆದರೆ ಜಿಂಕೆ ಅಲ್ಲೇ ಬೀಳುತ್ತದೆ, ಮುಂದೊಡೆ ಹಾಳಾಗುತ್ತದೆ. ಹೆಗಲ ಹಿಂದೆ, ಪಕ್ಕೆಲುಬುಗಳ ನಡುವೆ ಶ್ವಾಸಕೋಶಕ್ಕೆ ಹೊಡೆದರೆ ಮಾಂಸ ಉಳಿಯುತ್ತದೆ, ಆದರೆ ಜಿಂಕೆ ಸಾಯುವ ಮೊದಲು ಓಡುತ್ತದೆ. ತಾಮ್ರಕ್ಕೆ ಮೂಳೆಯ ತಡೆ ಸಿಗದಿದ್ದರೆ ಗಾಯದ ಬಾಯಿ ಚಿಕ್ಕದು, ರಕ್ತ ಒಳಗೇ ತುಂಬಿಕೊಂಡು ನೆಲಕ್ಕೆ ತಡವಾಗಿ ಬೀಳುತ್ತದೆ. ಓಡಿದ್ದು ಎಲ್ಲಿ ಬಿತ್ತೆಂದು ಹುಡುಕುವುದು ಕಷ್ಟ. ಕಾರಿನಲ್ಲಿ ಹೋಗುವಾಗ ಅಣ್ಣ ಇದನ್ನೆಲ್ಲ ನನಗೆ ಹೇಳುತ್ತಿದ್ದ. ನನಗೆ ಹೇಳುತ್ತಿದ್ದನೋ, ತನಗೇ ಹೇಳಿಕೊಳ್ಳುತ್ತಿದ್ದನೋ.

“ಹೆಗಲ ಹಿಂದಕ್ಕೇ ಹೊಡೀತೀನಿ. ಮುಂದೊಡೆ ಹಂಗೇ ಇರಬೇಕು,” ಎಂದ.

“ಓಡಿ ಕಳ್ದುಹೋದ್ರೆ?”

“ನೀನಿದೀಯಲ್ಲ, ನೋಡ್ಕೊಳ್ಳೋಕೆ.”

ಆ ಶನಿವಾರ ಬೆಳಕು ಬಂದದ್ದೇ ಗೊತ್ತಾಗಲಿಲ್ಲ. ಕತ್ತಲು ಬೂದಿಯಾಯಿತು, ಬೂದಿಯೊಳಗಿಂದ ಮರಗಳು ಒಂದೊಂದಾಗಿ ಹೊರಬಂದವು. ನೆಲದ ತುಂಬ ಓಕ್ ಎಲೆಗಳು, ಹಿಂದಿನ ವಾರದ ಹಿಮ ಅಲ್ಲಲ್ಲಿ ತೇಪೆ ಹಾಕಿದಂತೆ ಉಳಿದಿತ್ತು. ಕೆಳಗೆ, ಇಳಿಜಾರು ಮುಗಿಯುವಲ್ಲಿ, ಹಳೆಯ ಕಲ್ಲುಗೋಡೆ. ಅದರಾಚೆ ಬೇರೆಯವರ ಜಮೀನು, ಮರಮರಕ್ಕೂ ಪ್ರವೇಶವಿಲ್ಲ ಎಂಬ ಹಳದಿ ಫಲಕ. ಮೊದಲು ಎರಡು ಹೆಣ್ಣುಜಿಂಕೆಗಳು ನಮ್ಮ ವಾಸನೆ ಹಿಡಿದು ಓಡಿದವು. ಓಡುವಾಗ ಬಾಲ ಎತ್ತಿದವು, ಬಾಲದ ಅಡಿಯ ಬಿಳುಪು ಕರವಸ್ತ್ರ ಬೀಸಿದಂತೆ ಮರಗಳ ನಡುವೆ ಮಿನುಗಿ ಆರಿತು.

ಆಮೇಲೆ ಗಂಡು ಬಂತು. ಬಂತು ಎನ್ನುವುದು ಸರಿಯಲ್ಲ. ಅಲ್ಲಿ ಮರಗಳಷ್ಟೇ ಇದ್ದವು, ಮತ್ತೆ ನೋಡಿದಾಗ ಜಿಂಕೆ ಇತ್ತು. ಎಡ ಮಗ್ಗುಲು ನಮ್ಮ ಕಡೆ, ಮುಖ ಸ್ವಲ್ಪ ಆಚೆಗೆ ಓರೆಯಾಗಿ. ಅದರ ಉಸಿರು ಕಾಣುತ್ತಿತ್ತು. ಹೆಗಲು ಒಂದು ಸಲ ಅದುರಿತು, ನೊಣ ಕೂತಂತೆ. ಹೆಗಲಿಗೇ ಹೊಡೆದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಅಣ್ಣ ಬಹಳ ಹೊತ್ತು ಕಾದ. ಅದು ಎಡ ಮುಂಗಾಲನ್ನು ಒಂದು ಹೆಜ್ಜೆ ಮುಂದಿಟ್ಟಿತು, ಹೆಗಲ ಹಿಂದಿನ ಪಕ್ಕೆ ತೆರೆದುಕೊಂಡಿತು, ಅಣ್ಣ ಹೊಡೆದ.

ಸದ್ದು ಗುಡ್ಡಕ್ಕೆ ಹೋಗಿ ಬಡಿದು ಮರಳಿತು. ಜಿಂಕೆ ಬೆನ್ನನ್ನು ಒಮ್ಮೆ ಬಿಲ್ಲಿನಂತೆ ಬಾಗಿಸಿ, ಇಳಿಜಾರಿನಲ್ಲಿ ಕೆಳಕ್ಕೆ ಓಡಿತು. ತುದಿ ಮುರಿದ ಒಂದು ಹೆಮ್‌ಲಾಕ್ ಮರದ ಬಲಕ್ಕೆ ಮರೆಯಾಯಿತು. ಅದಾದ ಮೇಲೆ ಏನೂ ಇಲ್ಲ.

“ಮಿಸ್ ಆಯ್ತು,” ಎಂದ ಅಣ್ಣ. ಮುಖ ಸುಣ್ಣದಂತಾಗಿತ್ತು.

“ಬಾಲ ಎತ್ತಲಿಲ್ಲ.”

“ಏನು?”

“ಓಡುವಾಗ ಬಾಲ ಎತ್ತಲಿಲ್ಲ ಅಣ್ಣ. ಮೊದ್ಲು ಓಡಿದ್ವಲ್ಲ, ಎರಡೂ ಎತ್ತಿದ್ವು.”

“ಏನೇ ನೀನು, ಕೋರ್ಟಲ್ಲಿ ಸಾಕ್ಷಿ ಹೇಳೋ ಥರ.”

ಹೀಗೆಂದರೂ ಸ್ವಲ್ಪ ಉಸಿರಾಡಿದ. ಪೆಟ್ಟು ತಿಂದ ಜಿಂಕೆ ಬಾಲ ಇಳಿಬಿಟ್ಟೇ ಓಡುತ್ತದೆಂದು ಅವನಿಗೂ ಗೊತ್ತು. ಜೇಬಿನಿಂದ ಫಾಯಿಲಿನ ಪೊಟ್ಟಣ ತೆಗೆದ. ಅವ್ವ ಕಟ್ಟಿಕೊಟ್ಟಿದ್ದ ಮೂರು ಎಲೆಅಡಿಕೆ, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಲವಂಗ ಚುಚ್ಚಿದ್ದು. ಅಪ್ಪನ ಕಾಲದ ಕಟ್ಟಳೆ ಅದು. ಗುಂಡು ಬಿದ್ದ ಮೇಲೆ ಒಂದು ಎಲೆಅಡಿಕೆ ಬಾಯಲ್ಲಿ ಮುಗಿಯುವ ತನಕ ಏಳಬಾರದು. ಬೆನ್ನುಹತ್ತಿದರೆ ಗಾಯಗೊಂಡ ಪ್ರಾಣಿ ಜೀವ ಹಿಡಿದುಕೊಂಡು ಊರಾಚೆ ಹೋಗುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಇಲ್ಲಿಯ ಬೇಟೆಗಾರರೂ ಕಾಯುತ್ತಾರೆ, ಕಾಫಿ ಕುಡಿಯುತ್ತ.

ಅವನಿಗೊಂದು, ನನಗೊಂದು. ಅಗಿಯತೊಡಗಿದೆವು. ಆಗ ಹಿಮ ಬೀಳಲು ಶುರುವಾಯಿತು.

ಅವಸರವಿಲ್ಲದ ಹಿಮ. ಒಂದೊಂದು ಚಕ್ಕೆಯೂ ತನ್ನ ಜಾಗವನ್ನು ಯೋಚಿಸಿ ಆರಿಸಿಕೊಂಡಂತೆ ಬಂದು ಕೂರುತ್ತಿತ್ತು. ಕಾಡಿನ ಸದ್ದೆಲ್ಲ ಹೀರಿಹೋಗಿ, ನನ್ನ ಬಾಯೊಳಗಿನ ಅಡಿಕೆಯ ಸದ್ದೊಂದೇ ಲೋಕದಲ್ಲಿ ಉಳಿದಂತಿತ್ತು. ವೀಳ್ಯದ ಖಾರ, ಲವಂಗದ ಬಿಸಿ, ತುಟಿಗೆ ತಾಗಿ ಕರಗುವ ಹಿಮ. ಎಲ್ಲಿದ್ದೇನೆಂದು ಒಂದು ಗಳಿಗೆ ಮರೆತೆ. ಮರಗಳು ಕಬ್ಬಿನಂತೆ ಕಂಡವು.

“ಹಿಮ ರಕ್ತ ಮುಚ್ಚಿಬಿಡುತ್ತೆ,” ಎಂದ ಅಣ್ಣ.

“ಈಗ್ಲೇ ಹೋಗೋಣ ಅಂದ್ರೆ ಹೋಗೋಣ.”

“ಅಪ್ಪ ಇದ್ದಿದ್ರೆ ಬೈಯೋರು.”

“ಬೈಯೋರು.”

ಕೂತೇ ಇದ್ದೆವು. ಆದರೆ ಅಣ್ಣನಿಗೆ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಫಾರ್ಮಿನ ಹಿರಿಯರಿಗೆ ಫೋನ್ ಮಾಡಿ ಬರುತ್ತೇನೆಂದು, ಸಿಗ್ನಲ್ ಸಿಗುವ ಬಂಡೆಯ ಕಡೆಗೆ ಮೇಲಕ್ಕೆ ಹತ್ತಿದ, ಅಗಿಯುತ್ತಲೇ. ಸ್ವಲ್ಪ ಹೊತ್ತಿಗೆ ಇಳಿದು ಬಂದ. ಬಾಯಿ ಖಾಲಿಯಾಯಿತು. ಎದ್ದೆವು.

ಜಿಂಕೆ ನಿಂತಿದ್ದ ಜಾಗದಲ್ಲಿ ಒಂದಿಷ್ಟು ಕಂದು ಕೂದಲು ಬಿದ್ದಿತ್ತು. ರಕ್ತದ ಗುರುತಿಲ್ಲ. ಅಣ್ಣ ಮಂಡಿಯೂರಿ ಎಲೆಗಳನ್ನು ಒಂದೊಂದಾಗಿ ಮಗುಚುತ್ತಿದ್ದಾಗ ಮೇಲಿನಿಂದ ಕೂಗು ಕೇಳಿತು. ಹಿರಿಯರು, ಫಾರ್ಮಿನ ಮನೆಯಿಂದ ಇಳಿದು ಬರುತ್ತಿದ್ದವರು, ಬಂಡೆಯ ಹತ್ತಿರ ನಿಂತು ಕೈಬೀಸಿದರು.

“ರಕ್ತ ಇಲ್ಲಿದೆ!” ಎಂದರು ಇಂಗ್ಲಿಷಿನಲ್ಲಿ.

ಓಡಿ ಹತ್ತಿದೆವು. ಹಳೆಯ ಹಿಮದ ತೇಪೆಯೊಂದರ ಮೇಲೆ ಅಂಗೈ ಅಗಲದ ಕೆಂಪು ಇತ್ತು. ಅದರ ಸುತ್ತ ಸಣ್ಣ ಹನಿಗಳು.

“ನೊರೆ ನೋಡು. ಶ್ವಾಸಕೋಶಕ್ಕೇ ಬಿದ್ದಿದೆ. ಇನ್ನು ದೂರ ಹೋಗಿರುವುದಿಲ್ಲ,” ಎಂದರು ಹಿರಿಯರು.

“ಕೆಳಗೆ ಓಡಿತ್ತಲ್ಲ,” ಎಂದೆ ನಾನು.

“ತಿರುಗಿ ಬಂದಿರುತ್ತದೆ. ಬರುತ್ತವೆ ಹಾಗೆ.”

ಅಣ್ಣನ ಮುಖಕ್ಕೆ ಜೀವ ಬಂತು. ಮುಂದಿನ ತೇಪೆಯ ಮೇಲೆ ಮತ್ತೊಂದು ಕೆಂಪು, ಅದರಾಚೆ ಇನ್ನೊಂದು, ಎಲ್ಲ ಬಂಡೆಯ ಸುತ್ತಲೇ. ಆಮೇಲೆ ನಿಂತುಹೋಯಿತು. ಮೂವರೂ ಬಾಗಿ, ಸುತ್ತು ದೊಡ್ಡದು ಮಾಡುತ್ತ ತಿರುಗಿದೆವು. ಹಿಮ ದಟ್ಟವಾಗುತ್ತ ಬಂತು. ರೆಕ್ಕೆ ಬಂದು ಹಾರಿಹೋಯಿತೇ ಎಂದು ಅಣ್ಣ ತನ್ನಲ್ಲೇ ಗೊಣಗಿದ. ಹಿರಿಯರು ಮೊದಲ ಗುರುತಿಗೆ ಮರಳಿ, ಗ್ಲೌಸ್ ಕಳಚಿ, ಕೆಂಪನ್ನು ಎರಡು ಬೆರಳಲ್ಲಿ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು.

“ನಿಮ್ಮ ಜಿಂಕೆಗೆ ಲವಂಗದ ವಾಸನೆ ಯಾಕೆ?” ಎಂದು ಕೇಳಿದರು.

ನಾನು ಅಣ್ಣನನ್ನು ನೋಡಿದೆ. ಅಣ್ಣ ನನ್ನನ್ನು ನೋಡಲಿಲ್ಲ. ಅವನ ಕೆಳತುಟಿ ಇನ್ನೂ ಕೆಂಪಾಗಿತ್ತು.

“ಫೋನ್ ಮಾಡೋವಾಗ ಎಲ್ಲಿ ಉಗ್ದೆ?” ಎಂದೆ.

ಅವನು ಬಂಡೆಯನ್ನು ನೋಡಿದ, ಕೆಂಪನ್ನು ನೋಡಿದ, ಮೆಲ್ಲಗೆ ಹೇಳಿದ, “ಅಯ್ಯೋ ಶಿವನೇ.”

ಹಿರಿಯರಿಗೆ ವಿವರಿಸಬೇಕಾಯಿತು. ಎಲೆ, ಅಡಿಕೆ, ಸುಣ್ಣ, ಉಗಿಯುವುದು. ಅವರು ಗಂಭೀರವಾಗಿ ಕೇಳಿದರು, ಬೆರಳನ್ನು ಹಿಮದಲ್ಲಿ ಒರೆಸಿಕೊಂಡರು. ಐವತ್ತು ವರ್ಷದಿಂದ ರಕ್ತದ ಜಾಡು ಹಿಡಿಯುತ್ತಿದ್ದೇನೆ, ಒಬ್ಬ ಎಂಜಿನಿಯರನ ಜಾಡು ಹಿಡಿದದ್ದು ಇದೇ ಮೊದಲು ಎಂದರು. ನಕ್ಕೆವು. ನಗು ಮುಗಿಯುವಷ್ಟರಲ್ಲಿ ನೆಲವೆಲ್ಲ ಬಿಳಿಯಾಗಿತ್ತು.

“ಎಲ್ಲಿ ಕಾಣೆಯಾಯ್ತು ಹೇಳು,” ಎಂದ ಅಣ್ಣ, ಈ ಸಲ ನನ್ನ ಮುಖ ನೋಡುತ್ತ.

“ತುದಿ ಮುರಿದ ಹೆಮ್‌ಲಾಕ್. ಅದರ ಬಲಕ್ಕೆ.”

ಇಳಿದೆವು. ಹೆಮ್‌ಲಾಕಿನ ಕಾಂಡದಲ್ಲಿ, ನನ್ನ ತೊಡೆಯ ಎತ್ತರಕ್ಕೆ, ಹಿಮ ತಾಗದ ಮಗ್ಗುಲಲ್ಲಿ ರಕ್ತ ಎರಚಿತ್ತು. ಗುಲಾಬಿ ಬಣ್ಣ, ನೊರೆ. ಅಣ್ಣ ಬೆರಳಲ್ಲಿ ಮುಟ್ಟಿ ಮೂಸಿದ.

ಅಲ್ಲಿಂದ ಸ್ವಲ್ಪ ಕೆಳಗೆ, ಕಲ್ಲುಗೋಡೆಯ ಈಚೆ ಬದಿಗೆ, ಅದು ಕಾಲು ಮಡಿಚಿ ಮಲಗಿತ್ತು. ಮೈಮೇಲೆ ತೆಳುವಾಗಿ ಹಿಮ ಹೊದ್ದಿತ್ತು. ತೆರೆದ ಕಣ್ಣಿನ ಮೇಲೆ ಬಿದ್ದ ಹಿಮ ಕರಗುತ್ತಿರಲಿಲ್ಲ. ಅಣ್ಣ ಟೋಪಿ ತೆಗೆದು ಅದರ ಪಕ್ಕ ಕೂತ. ಅದನ್ನು ಮುಟ್ಟಲು ಅವನಿಗೆ ಹೊತ್ತು ಹಿಡಿಯಿತು. ಕಣ್ಣು ಮುಚ್ಚಿಕೊಳ್ಳಲಿಲ್ಲ. ಅದನ್ನು ನಾನು ಗಮನಿಸಿದೆ.

ಚರ್ಮ ಸುಲಿದದ್ದು ಹಿರಿಯರ ಕೊಟ್ಟಿಗೆಯಲ್ಲಿ. ಎಡ ಪಕ್ಕೆಯಲ್ಲಿ ಗುಂಡು ಹೊಕ್ಕ ತೂತು ಕಿರುಬೆರಳಿನಷ್ಟು, ಸುತ್ತ ಶುಭ್ರ. ಎಡ ಮುಂದೊಡೆ ಅಂಗಡಿಯಲ್ಲಿ ತೂಗುಹಾಕಿದಂತೆ ಸ್ವಚ್ಛವಾಗಿತ್ತು. ಆದರೆ ಜಿಂಕೆ ಓರೆಯಾಗಿ ನಿಂತಿತ್ತಲ್ಲ, ಗುಂಡು ಒಳಗೆ ಓರೆಯಾಗಿಯೇ ಸಾಗಿ, ಬಲ ಮುಂದೊಡೆಯ ಹಿಂದಿನ ಅಂಚನ್ನು ಹರಿದುಕೊಂಡು ಹೊರಬಿದ್ದಿತ್ತು. ಮೂಳೆ ಇಡಿಯಾಗಿತ್ತು. ಅಂಚಿನಲ್ಲಿ ಅಂಗೈಯಷ್ಟು ಜಾಗ ಕಪ್ಪಾಗಿತ್ತು.

ಅಣ್ಣ ಆ ಕಪ್ಪನ್ನೇ ನೋಡುತ್ತ ನಿಂತ. “ಬಲಗಡೇನೇ ಆಗ್ಬೇಕಿತ್ತಾ,” ಎಂದ.

ಹಿರಿಯರು ಉಳಿದಿದ್ದ ಮೂರನೆಯ ಎಲೆಅಡಿಕೆಯನ್ನು ಕೇಳಿ ಪಡೆದು ಬಾಯಿಗೆ ಹಾಕಿಕೊಂಡಿದ್ದರು. ಎರಡು ಸಲ ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಬಾಗಿಲಾಚೆ ಹೋಗಿ ಉಗಿದು ಬಂದರು. ಜಿಂಕೆಗೆ ಅರ್ಥವಾಗುತ್ತದೆ, ನಿಮ್ಮದು ಅರ್ಥವಾಗುವುದಿಲ್ಲ ಎಂದರು.

ಭಾನುವಾರ ಸಂಜೆ ಕೂಲರು ಮತ್ತೆ ಹದಿನೇಳನೆಯ ಮಹಡಿಗೆ ಏರಿತು. ಅಣ್ಣ ಕಟ್ಟೆಯ ಮೇಲೆ ಬಟ್ಟೆ ಹಾಸಿ ಎರಡೂ ಮುಂದೊಡೆ ಇಟ್ಟ. ಅವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಮೊದಲು ಎಡಗಡೆಯದನ್ನು ಒತ್ತಿದಳು, ಮೇಲಿನಿಂದ ಕೆಳಗಿನ ತನಕ. ಹೆಬ್ಬೆರಳು ಒಣಗಿಯೇ ಇತ್ತು. ಬಲಗಡೆಯದನ್ನು ಒತ್ತುತ್ತ ಬಂದು ಹಿಂದಿನ ಅಂಚಿನಲ್ಲಿ ನಿಂತಳು. ಬೆರಳಿಗೆ ಕಪ್ಪು ಹತ್ತಿತು.

“ಓಡ್ತಾ?” ಎಂದು ಕೇಳಿದಳು.

ಇಲ್ಲ ಎಂದು ಅವನು ಹೇಳಬಹುದಿತ್ತು.

“ಓಡ್ತು ಅವ್ವ.”

“ಎಷ್ಟು ದೂರ?”

“ಈ ಬಿಲ್ಡಿಂಗ್ ಬಾಗ್ಲಿಂದ ಬಸ್‌ಸ್ಟಾಪ್ ಗಂಟ.”

ಅವ್ವ ನನ್ನ ಕಡೆ ತಿರುಗಿದಳು. “ನೀನು ನೋಡ್ದೇನವ್ವ?”

“ಮರದ ಹತ್ರ ಹೋಗೋ ತನಕ ನೋಡ್ದೆ. ಆಮೇಲೆ ಕಾಣಲಿಲ್ಲ.”

“ಕೂಗ್ತಾ?”

“ಕೇಳಿಸಲಿಲ್ಲ.”

ಅವ್ವ ನಲ್ಲಿಯ ಕೆಳಗೆ ಬೆರಳು ತೊಳೆದಳು. ನೀರು ನಿಲ್ಲಿಸಿ, ಗೋಡೆಯ ಕಡೆ ನೋಡುತ್ತಲೇ ಕೇಳಿದಳು, “ಹೋದ್ಸಲದ್ದು ಓಡಿತ್ತೇನ್ಲಾ?”

“ಇಲ್ಲ ಅವ್ವ. ನಿಂತಲ್ಲೇ ಬಿತ್ತು ಅಂತ ಆಗ್ಲೇ ಹೇಳಿದ್ನಲ್ಲ.”

“ಅದು ಅಷ್ಟು ಕಪ್ಪಾಗಿತ್ತು. ಓಡಿದ್ದು ಇಷ್ಟು ಚೊಕ್ಕವಾಗೈತೆ.”

“ಹೂಂ.”

“ಹಂಗಾರೆ ಮಾಂಸ ಎಲ್ಲಾನೂ ಹೇಳಕಿಲ್ಲ.”

ಕಿಟಕಿಯಲ್ಲಿ ಸೇತುವೆಯ ದೀಪಗಳು ಆಗ ತಾನೇ ಹೊತ್ತಿದ್ದವು. ತುಳಸಿಯ ಪಕ್ಕದ ತಾಮ್ರದ ಮೂಗುಬೊಟ್ಟಿನ ಮೇಲೆ ಅವುಗಳ ಬೆಳಕು ಬಿದ್ದಿತ್ತು. ಅವ್ವ ಚಾಕು ತೆಗೆದುಕೊಂಡು ಬಲ ಮುಂದೊಡೆಯ ಕಪ್ಪಾದ ಅಂಚನ್ನು ಹದವಾಗಿ ಕೊಯ್ದು ಪಕ್ಕಕ್ಕಿಟ್ಟಳು. ಉಳಿದದ್ದನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಬಟ್ಟೆಯಲ್ಲಿ ಸುತ್ತಿದಳು.

“ಇದು ಎಡೆಗೆ. ಫ್ರೀಜರ್ನಲ್ಲಿ ಬೇರೆ ಇಡು, ಮೀನಿನ ಪಕ್ಕ ಇಡ್ಬ್ಯಾಡ,” ಎಂದಳು.

ಅಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ನಾನು ಬಂಡೆಯ ಕತೆ ಹೇಳಿದೆ. ಅವ್ವ ಕಟ್ಟೆ ಹಿಡಿದುಕೊಂಡು ನಕ್ಕಳು, ಕೆಮ್ಮು ಬರುವಷ್ಟು.

“ಬಿಳೀ ಮುದುಕಪ್ಪ ನಿನ್ನ ಎಂಜಲು ಮೂಸ್ದನಾ? ಸುಣ್ಣ ಜಾಸ್ತಿ ಸವರ್ಬಿಟ್ಟಿದ್ದೆ ಕಣ್ಲಾ, ಅದ್ಕೇ ಅಷ್ಟು ಕೆಂಪು. ಸುಣ್ಣ ಇಲ್ದಿದ್ರೆ ಎಲೆ ಕೆಂಪಾಗಕಿಲ್ಲ. ನಿಮ್ಮಪ್ಪ ಕೇಳಿದ್ರೆ...” ಎಂದವಳು ಅಲ್ಲಿಗೇ ನಿಲ್ಲಿಸಿ ಕಣ್ಣೊರೆಸಿಕೊಂಡಳು.

ಥ್ಯಾಂಕ್ಸ್‌ಗಿವಿಂಗ್ ಗುರುವಾರ ಅಪ್ಪನ ಫೋಟೋದ ಮುಂದೆ ಬಾಳೆಎಲೆ ಹಾಕಿ, ಮೊದಲು ಬಲಗಡೆಯ ಮುಂದೊಡೆ ಬಡಿಸಲಾಯಿತು. ಆಮೇಲೆ ಮುದ್ದೆ, ಸಾರು, ಅನ್ನ, ಒಂದು ಕಟ್ಟು ಬೀಡಿ. ಬಡಿಸಿದವನು ಅಣ್ಣ. ತೀರಿಕೊಂಡ ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕೂತೆವು. ಒಂದು ಎಲೆಅಡಿಕೆ ಮುಗಿಯುವಷ್ಟು ಹೊತ್ತು ಕಾದು ಅವ್ವ ಬಾಗಿಲು ತೆರೆದಳು. ಅಪ್ಪನ ಎಲೆಯಿಂದ ಮುಂದೊಡೆಯನ್ನು ಎತ್ತಿ ಅಣ್ಣನ ತಟ್ಟೆಗೆ ಹಾಕಿದಳು.

ಇವತ್ತು ಶುಕ್ರವಾರ. ನಾಳೆ ಈ ವರ್ಷದ ನವೆಂಬರಿನ ಮೂರನೆಯ ಶನಿವಾರ. ಸಂಜೆ ಕೆಲಸ ಮುಗಿಸಿ ಫೋರ್ಟ್ ಲೀಗೆ ಬಂದಾಗ, ಫಾಯಿಲಿನ ಪೊಟ್ಟಣ ಬಾಗಿಲ ಬಳಿ ಅಣ್ಣನ ಬೂಟುಗಳ ಮೇಲಿತ್ತು. ಮೂರು ಎಲೆಅಡಿಕೆ. ಒಂದನ್ನು ಬಿಚ್ಚಿ ನೋಡಿದೆ. ಅಡಿಕೆ ಇತ್ತು, ಲವಂಗ ಇತ್ತು, ಸುಣ್ಣ ಇರಲಿಲ್ಲ.